ಕ್ರಿಸ್‌ಮಸ್ ಊಟಕ್ಕೆ ಎಷ್ಟು ಹೊತ್ತಿಗೆ ಕೂರಬೇಕು?

ಹಬ್ಬದ ದಿನ ಏನು ತಿನ್ನಬೇಕು, ಏನು ತಿನ್ನಬಾರದು ಎಂದು ವೈದ್ಯರನ್ನು ಕೇಳುವವರು ಬಹಳ ಮಂದಿ. ಎಷ್ಟು ಹೊತ್ತಿಗೆ ತಿನ್ನಬೇಕು ಎಂದು ಕೇಳುವವರು ವಿರಳ. ಆದರೆ ಡಿಸೆಂಬರ್ ಕೊನೆಯ ವಾರದಲ್ಲಿ ನಮ್ಮಲ್ಲಿಗೆ ಬರುವ ತೊಂದರೆಗಳಲ್ಲಿ ಹಲವಕ್ಕೆ ತಟ್ಟೆಯಲ್ಲಿದ್ದ ಪದಾರ್ಥಕ್ಕಿಂತ ಗಡಿಯಾರವೇ ಹೆಚ್ಚಿನ ಕಾರಣವಾಗಿರುತ್ತದೆ. ಊಟಕ್ಕೆ ಮೊದಲು ಕಾದ ಹೊತ್ತು ಮತ್ತು ಊಟದ ಬಳಿಕ ಮಲಗಿದ ಹೊತ್ತು, ಇವೆರಡನ್ನು ಸರಿಪಡಿಸಿಕೊಂಡರೆ ಹಬ್ಬದ ಅರ್ಧ ಕಾಯಿಲೆಗಳು ದೂರವಾಗುತ್ತವೆ. ಈ ವಾರ ಅದನ್ನೇ ನೋಡೋಣ.

ನಮ್ಮ ಕರಾವಳಿಯ ಕ್ರೈಸ್ತ ಮನೆಗಳ ದಿನಚರಿಯನ್ನೇ ತೆಗೆದುಕೊಳ್ಳಿ. ಡಿಸೆಂಬರ್ 24ರ ರಾತ್ರಿ ಇಗರ್ಜಿಯಲ್ಲಿ ಹಬ್ಬದ ಬಲಿಪೂಜೆ. ಕೆಲವೆಡೆ ಅದು ಸಂಜೆಯೇ ಆರಂಭವಾಗುತ್ತದೆ, ಕೆಲವೆಡೆ ನಡುರಾತ್ರಿಗೆ. ಮುಗಿದ ಮೇಲೆ ಗೋದಲಿ ನೋಡಿ, ಪರಿಚಿತರಿಗೆಲ್ಲ ಶುಭಾಶಯ ಹೇಳಿ, ಮನೆಗೆ ಬಂದು ಕೇಕ್ ಕತ್ತರಿಸಿ, ಕುಸ್ವಾರ್ ಡಬ್ಬಿ ತೆರೆಯುವಷ್ಟರಲ್ಲಿ ಮರುದಿನವೇ ಆಗಿರುತ್ತದೆ. 25ರ ಬೆಳಿಗ್ಗೆ ಅಡುಗೆಮನೆಯಲ್ಲಿ ಸಾನ್ನ, ಹಂದಿ ಮಾಂಸದ ಬಾಫಾತ್, ಕೋಳಿ ಸಾರು. ಊಟ ಒಂದು ಗಂಟೆಗೆಂದು ಅಂದುಕೊಂಡದ್ದು ಬೆಂಗಳೂರಿನಿಂದ ಬರುವ ಮಗಳ ಬಸ್ಸು ತಡವಾದದ್ದರಿಂದ ಎರಡಕ್ಕೆ, ಚಿಕ್ಕಪ್ಪನ ಮನೆಯವರು ಬಾರದ್ದರಿಂದ ಮೂರಕ್ಕೆ ಹೋಗುತ್ತದೆ. ಬೆಳಿಗ್ಗೆ ಎಂಟಕ್ಕೆ ಮಾತ್ರೆ ನುಂಗಿದ ಅಜ್ಜಿ ಒಂದು ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಾರೆ.

ಒಂದೊಂದು ನಾಡಿಗೆ ಒಂದೊಂದು ಹೊತ್ತು

ಕ್ರಿಸ್‌ಮಸ್ ಊಟಕ್ಕೆ ಜಗತ್ತಿನಲ್ಲೆಲ್ಲ ಒಂದೇ ಹೊತ್ತು ಎಂಬುದಿಲ್ಲ. ಪೋಲೆಂಡಿನಲ್ಲಿ 24ರ ಸಂಜೆ ಆಕಾಶದಲ್ಲಿ ಮೊದಲ ನಕ್ಷತ್ರ ಕಂಡ ಮೇಲೆ ಮನೆಮಂದಿ ಊಟಕ್ಕೆ ಕೂರುತ್ತಾರೆ. ಆ ಊಟದಲ್ಲಿ ಮಾಂಸ ಇರುವುದಿಲ್ಲ, ಮೀನು ಇರುತ್ತದೆ. ಬ್ರಿಟನ್ನಿನಲ್ಲಿ ಮುಖ್ಯ ಊಟ 25ರ ಮಧ್ಯಾಹ್ನದ್ದು. ಅಲ್ಲಿ 1932ರಲ್ಲಿ ಐದನೆಯ ಜಾರ್ಜ್ ದೊರೆಯ ಕಾಲದಲ್ಲಿ ಆರಂಭವಾದ ಕ್ರಿಸ್‌ಮಸ್ ಭಾಷಣ ಈಗಲೂ ಮಧ್ಯಾಹ್ನ 3 ಗಂಟೆಗೆ ಪ್ರಸಾರವಾಗುವುದರಿಂದ, ಅದಕ್ಕೆ ಮೊದಲೇ ಊಟ ಮುಗಿಸುವವರು ಕೆಲವರು, ಅದಾದ ಮೇಲೆ ಕೂರುವವರು ಕೆಲವರು. ಫ್ರಾನ್ಸಿನಲ್ಲಿ 24ರ ರಾತ್ರಿಯ ದೀರ್ಘ ಭೋಜನ ಪ್ರಸಿದ್ಧ. ಫಿಲಿಪ್ಪೀನ್ಸ್‌ನಲ್ಲಿ ನಡುರಾತ್ರಿಯೇ ಊಟದ ಮುಹೂರ್ತ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು 43 ದಿನಗಳ ವ್ರತ ಮುಗಿಸಿ, ಜನವರಿ 6ರ ರಾತ್ರಿಯ ಪ್ರಾರ್ಥನೆಯ ಬಳಿಕ ಮಾಂಸಾಹಾರ ಮುಟ್ಟುತ್ತಾರೆ. ಅವರ ಕ್ರಿಸ್‌ಮಸ್ ಜನವರಿ 7ರಂದು. ಡಿಸೆಂಬರ್ 25ಕ್ಕೆ ಸಾರ್ವಜನಿಕ ರಜೆಯಿಲ್ಲದ ಕೊಲ್ಲಿ ದೇಶಗಳಲ್ಲಿರುವ ನಮ್ಮವರು ಕೆಲಸ ಮುಗಿಸಿ ಬಂದು ರಾತ್ರಿ ಊಟ ಮಾಡುವುದೂ ಉಂಟು.

ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಹೇಳುವುದು ವೈದ್ಯರ ಕೆಲಸವಲ್ಲ. ಆರೋಗ್ಯವಂತನ ದೇಹ ವರ್ಷಕ್ಕೊಂದು ದಿನದ ಏರುಪೇರನ್ನು ತಾಳಿಕೊಳ್ಳುತ್ತದೆ. ಆದರೆ ಇಂದು ಹಬ್ಬದ ಮೇಜಿನ ಸುತ್ತ ಕೂತವರಲ್ಲಿ ಒಬ್ಬರಿಗಾದರೂ ಮಧುಮೇಹ, ಇನ್ನೊಬ್ಬರಿಗೆ ರಕ್ತದೊತ್ತಡ, ಮತ್ತೊಬ್ಬರಿಗೆ ಹೃದಯದ ಕಾಯಿಲೆ ಇಲ್ಲದ ಮನೆ ಅಪರೂಪ. ಊಟದ ಹೊತ್ತನ್ನು ನಿಶ್ಚಯಿಸಬೇಕಾದದ್ದು ಇವರನ್ನು ನೋಡಿ.

ದೇಹದೊಳಗೊಂದು ಗಡಿಯಾರ

ನಮ್ಮ ಜೀವಕೋಶಗಳಲ್ಲಿ ಹಗಲು-ರಾತ್ರಿಗಳನ್ನು ಅನುಸರಿಸಿ ನಡೆಯುವ ಗಡಿಯಾರವೊಂದಿದೆ. ಅದು ನಡೆಯುವ ಬಗೆಯನ್ನು ಕಂಡುಹಿಡಿದ ಅಮೆರಿಕದ ಮೂವರು ವಿಜ್ಞಾನಿಗಳಿಗೆ, ಅಂದರೆ ಜೆಫ್ರಿ ಹಾಲ್, ಮೈಕೇಲ್ ರೋಸ್‌ಬಾಶ್ ಮತ್ತು ಮೈಕೇಲ್ ಯಂಗ್ ಅವರಿಗೆ, 2017ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಮೇದೋಜೀರಕ ಗ್ರಂಥಿ, ಯಕೃತ್ತು, ಕರುಳು ಇವೆಲ್ಲ ಈ ಗಡಿಯಾರದ ಮಾತು ಕೇಳುತ್ತವೆ. ಬೆಳಿಗ್ಗೆ ತಿಂದ ಊಟವನ್ನೇ, ಅದೇ ಅಳತೆಯಲ್ಲಿ, ರಾತ್ರಿ ತಡವಾಗಿ ತಿಂದರೆ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ, ಇಳಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಕತ್ತಲಾದ ಮೇಲೆ ಮಿದುಳಿನಲ್ಲಿ ಸ್ರವಿಸುವ ಮೆಲಟೋನಿನ್ ಎಂಬ ನಿದ್ರೆಯ ಹಾರ್ಮೋನು ಇನ್‌ಸುಲಿನ್ ಸ್ರಾವವನ್ನು ತಗ್ಗಿಸುವುದು ಇದಕ್ಕೆ ಒಂದು ಕಾರಣ.

ಹೀಗಾಗಿ ಆಯ್ಕೆ ನಮ್ಮ ಕೈಯಲ್ಲಿದ್ದರೆ, ಭಾರಿ ಊಟಕ್ಕೆ ಮಧ್ಯಾಹ್ನವೇ ಒಳ್ಳೆಯ ಹೊತ್ತು. ನಮ್ಮ ಕರಾವಳಿಯ ಮನೆಗಳಲ್ಲಿ ಹಬ್ಬದ ಮುಖ್ಯ ಊಟ 25ರ ಮಧ್ಯಾಹ್ನ ನಡೆಯುವುದು ಈ ದೃಷ್ಟಿಯಿಂದ ಒಳ್ಳೆಯ ಪದ್ಧತಿ. ಅದನ್ನು ಮಧ್ಯಾಹ್ನವಾಗಿಯೇ ಉಳಿಸಿಕೊಳ್ಳಬೇಕು, ಸಂಜೆಯಾಗಲು ಬಿಡಬಾರದು.

ಕಾಯುವ ಹೊತ್ತಿನ ಅಪಾಯ

ಮತ್ತೆ ಮೂಲೆಯ ಕುರ್ಚಿಯಲ್ಲಿ ಕೂತ ಅಜ್ಜಿಯ ಕಡೆಗೆ ಬರೋಣ. ಅವರಿಗೆ ಮಧುಮೇಹ ಎಂದಿಟ್ಟುಕೊಳ್ಳಿ. ಮಾತ್ರೆಯಲ್ಲಿ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಅಥವಾ ಗ್ಲಿಕ್ಲಜೈಡ್ ಎಂಬ ಔಷಧವಿದ್ದರೆ, ಅದು ಮೇದೋಜೀರಕ ಗ್ರಂಥಿಯಿಂದ ಇನ್‌ಸುಲಿನ್ ಹೊರಡಿಸುತ್ತದೆ. ಅಜ್ಜಿ ಉಂಡರೇ ಇಲ್ಲವೇ ಎಂದು ಮಾತ್ರೆ ಕೇಳುವುದಿಲ್ಲ. ತನ್ನ ಕೆಲಸ ತಾನು ಮಾಡುತ್ತದೆ. ಇನ್‌ಸುಲಿನ್ ಚುಚ್ಚುಮದ್ದೂ ಹಾಗೆಯೇ. ಹೊಟ್ಟೆಗೆ ಅನ್ನ ಬೀಳದಿದ್ದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಅದು 70 ಮಿಲಿಗ್ರಾಂಗಿಂತ ಕೆಳಗಿಳಿದರೆ ತಡಮಾಡುವಂತಿಲ್ಲ.

ಮೈ ಬೆವರುವುದು, ಕೈ ನಡುಗುವುದು, ಎದೆ ಬಡಿದುಕೊಳ್ಳುವುದು, ವಿಪರೀತ ಹಸಿವು, ತಲೆಸುತ್ತು ಇವು ಮೊದಲ ಲಕ್ಷಣಗಳು. ಬಳಿಕ ಮಾತು ತೊದಲುತ್ತದೆ, ಸಿಡುಕು ಬರುತ್ತದೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬರುತ್ತದೆ. ಎಷ್ಟೋ ವೃದ್ಧರಲ್ಲಿ ಮೊದಲ ಲಕ್ಷಣಗಳು ಕಾಣಿಸುವುದೇ ಇಲ್ಲ. ನೇರವಾಗಿ ಮಂಕಾಗಿ ಬಿಡುತ್ತಾರೆ. ರಾತ್ರಿ ನಿದ್ದೆಗೆಟ್ಟಿದ್ದಾರೆ, ಸ್ವಲ್ಪ ತೂಕಡಿಸಲಿ ಎಂದು ಮನೆಯವರು ಸುಮ್ಮನಾದರೆ ಅದು ಪ್ರಾಣಕ್ಕೆ ಕುತ್ತಾಗಬಹುದು. ಹಬ್ಬದ ದಿನ ಮಧುಮೇಹವಿರುವ ಹಿರಿಯರು ಮಂಕಾಗಿ ಕೂತಿದ್ದರೆ ಅದು ನಿದ್ದೆಯೆಂದು ಎಣಿಸದೆ ಮಾತನಾಡಿಸಿ ನೋಡಿ, ಗ್ಲೂಕೋಮೀಟರ್ ಇದ್ದರೆ ಸಕ್ಕರೆ ಪರೀಕ್ಷಿಸಿ.

ಸಕ್ಕರೆ ಇಳಿದಿದೆ ಎಂಬ ಅನುಮಾನ ಬಂದ ಕೂಡಲೇ ಮೂರು ಚಹಾ ಚಮಚದಷ್ಟು ಗ್ಲೂಕೋಸ್ ಪುಡಿಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿ. ಅದಿಲ್ಲದಿದ್ದರೆ ಸಕ್ಕರೆ ನೀರಾದರೂ ಆದೀತು. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಇರುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮಾತ್ರ ಸಾದಾ ಸಕ್ಕರೆ ಬೇಗ ಫಲ ಕೊಡದು, ಗ್ಲೂಕೋಸ್ ಪುಡಿಯೇ ಬೇಕು. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ. ಚೇತರಿಸಿಕೊಂಡ ಮೇಲೆ ಊಟ ಕೊಡಿ. ಈ ಹೊತ್ತಿನಲ್ಲಿ ಕೇಕ್ ಅಥವಾ ಚಾಕೊಲೇಟ್ ಕೊಡುವುದು ಜಾಣತನವಲ್ಲ. ಅವುಗಳಲ್ಲಿರುವ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಅದು ಶ್ವಾಸನಾಳಕ್ಕೆ ಹೋಗಬಹುದು. ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಗ್ಲೂಕೋಸಿನಿಂದ ಚೇತರಿಸಿಕೊಂಡರೂ, ಈ ಮಾತ್ರೆಗಳ ಪ್ರಭಾವ ಹಲವು ಗಂಟೆ ಇರುವುದರಿಂದ ವೃದ್ಧರಲ್ಲಿ ಸಕ್ಕರೆ ಮತ್ತೆ ಇಳಿಯಬಹುದು. ಆದ್ದರಿಂದ ವೈದ್ಯರಿಗೆ ತೋರಿಸುವುದು ಕ್ಷೇಮ.

ಇದನ್ನು ತಡೆಯುವ ಉಪಾಯ ಸರಳ. ಮಾತ್ರೆ, ಇನ್‌ಸುಲಿನ್‌ಗಳು ಗೋಡೆಯ ಗಡಿಯಾರಕ್ಕೆ ಸೇರಿದವಲ್ಲ, ಊಟಕ್ಕೆ ಸೇರಿದವು. ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚಿಕೊಳ್ಳಬೇಕಾದ ಇನ್‌ಸುಲಿನ್ ಆದರೆ ಅಡುಗೆ ಸಿದ್ಧವಾಗಿದೆ ಎಂದು ಕಣ್ಣಾರೆ ಕಂಡ ಮೇಲೆಯೇ ಚುಚ್ಚಿಕೊಳ್ಳಿ. ನೆಂಟರು ಬರುವುದು ತಡವಾದರೆ ಹಿರಿಯರಿಗೆ ಎರಡು ಸಾನ್ನ, ಸ್ವಲ್ಪ ಸಾರು ಬಡಿಸಿ ಮೊದಲೇ ಊಟ ಮಾಡಿಸಿ. ಎಲ್ಲರೂ ಕೂತಾಗ ಅವರೂ ಪಕ್ಕದಲ್ಲಿ ಕೂತು ಒಂದು ತುಂಡು ರುಚಿ ನೋಡಲಿ. ಒಟ್ಟಿಗೆ ಕೂರುವ ಸಂತೋಷಕ್ಕೆ ಅದರಿಂದ ಏನೂ ಕೊರತೆಯಾಗದು.

ಹಳೆಯ ಉಪವಾಸ, ಹೊಸ ನಿಯಮ

ಹಿರಿಯರು ಹಸಿದಿರಲು ಇನ್ನೊಂದು ಕಾರಣವಿದೆ. ಪರಮಪ್ರಸಾದ ಸ್ವೀಕರಿಸುವ ಮೊದಲು ನಡುರಾತ್ರಿಯಿಂದ ಏನನ್ನೂ ಸೇವಿಸಬಾರದು ಎಂಬ ಕಟ್ಟುನಿಟ್ಟು ಕಥೋಲಿಕ್ ಸಭೆಯಲ್ಲಿ ಹಿಂದೆ ಇತ್ತು. 1953ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ನೀರು ಕುಡಿಯಲು ಅನುಮತಿ ಕೊಟ್ಟರು. 1957ರಲ್ಲಿ ಉಪವಾಸವನ್ನು ಮೂರು ಗಂಟೆಗೆ ಇಳಿಸಿದರು. 1964ರಲ್ಲಿ ಆರನೆಯ ಪೌಲ್ ಅದನ್ನು ಒಂದು ಗಂಟೆಗೆ ತಂದರು. 1983ರ ಸಭಾ ಕಾನೂನಿನ ಪ್ರಕಾರವೂ ಒಂದು ಗಂಟೆಯೇ; ಆ ಒಂದು ಗಂಟೆಯಲ್ಲೂ ನೀರು ಮತ್ತು ಔಷಧಕ್ಕೆ ಅಡ್ಡಿಯಿಲ್ಲ. ವಯಸ್ಸಾದವರು, ಕಾಯಿಲೆಯವರು ಮತ್ತು ಅವರ ಆರೈಕೆ ಮಾಡುವವರಿಗೆ ಅದರಿಂದಲೂ ವಿನಾಯಿತಿ ಇದೆ.

ಆದರೆ ಬಾಲ್ಯದಲ್ಲಿ ಕಲಿತದ್ದನ್ನು ಮನಸ್ಸು ಸುಲಭವಾಗಿ ಬಿಡುವುದಿಲ್ಲ. ಎಂಬತ್ತು ದಾಟಿದ ಕೆಲವರು ಇಂದಿಗೂ 24ರ ಸಂಜೆಯಿಂದ ಏನೂ ಮುಟ್ಟದೆ, ಮಾತ್ರೆಯನ್ನು ಮಾತ್ರ ನುಂಗಿ ಇಗರ್ಜಿಗೆ ಹೊರಡುತ್ತಾರೆ. ಅವರ ಭಕ್ತಿಗೆ ನಮ್ಮ ಗೌರವವಿರಲಿ. ಜೊತೆಗೆ ಮೇಲಿನ ನಿಯಮವನ್ನು ಅವರಿಗೆ ಪ್ರೀತಿಯಿಂದ ತಿಳಿಸಿ. ವೈದ್ಯರ ಮಾತಿನಿಂದ ಸಮಾಧಾನವಾಗದಿದ್ದರೆ ಧರ್ಮಗುರುಗಳಿಂದಲೇ ಒಂದು ಮಾತು ಹೇಳಿಸಿ. ಬಲಿಪೂಜೆಗೆ ಹೊರಡುವ ಮೊದಲು ಎಂದಿನ ಹೊತ್ತಿಗೆ ಗಂಜಿಯನ್ನೋ ಲಘು ಊಟವನ್ನೋ ಮಾಡಿ ಮಾತ್ರೆ ತೆಗೆದುಕೊಳ್ಳಲಿ.

ಊಟದ ಬಳಿಕದ ಹಾಸಿಗೆ

ಈಗ ಊಟದ ಆಚೆಗಿನ ಹೊತ್ತು. ಜಿಡ್ಡಿನ ಊಟ ಜಠರದಿಂದ ಖಾಲಿಯಾಗಲು ನಾಲ್ಕು ಗಂಟೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೇಕು. ಅನ್ನನಾಳ ಜಠರವನ್ನು ಸೇರುವಲ್ಲಿ ಒಂದು ಸ್ನಾಯುವಿನ ಬಾಗಿಲಿದೆ. ಕೊಬ್ಬು, ಚಾಕೊಲೇಟ್, ಮದ್ಯ ಈ ಬಾಗಿಲನ್ನು ಸಡಿಲಿಸುತ್ತವೆ. ತುಂಬಿದ ಹೊಟ್ಟೆಯಲ್ಲಿ ಅಡ್ಡಾದರೆ ಜಠರದ ಆಮ್ಲ ಮೇಲಕ್ಕೆ ಹರಿದು ಎದೆಯುರಿ, ಹುಳಿತೇಗು, ರಾತ್ರಿಯ ಕೆಮ್ಮು ಆರಂಭವಾಗುತ್ತವೆ. ಆದ್ದರಿಂದ ಊಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆಯಾದರೂ ಅಂತರವಿರಲಿ. ಮಲಗುವಾಗ ಎಡಮಗ್ಗುಲಾಗಿ ಮಲಗಿ. ಎದೆಯುರಿ ಇರುವವರು ಮಂಚದ ತಲೆಯ ಭಾಗದ ಕಾಲುಗಳ ಕೆಳಗೆ ಅರ್ಧ ಅಡಿ ಎತ್ತರದ ಮರದ ತುಂಡುಗಳನ್ನಿಟ್ಟರೆ ಉಪಯೋಗವಾಗುತ್ತದೆ. ಬರೀ ದಿಂಬು ಏರಿಸಿದರೆ ಕುತ್ತಿಗೆ ಬಾಗುತ್ತದೆಯೇ ಹೊರತು ಹೊಟ್ಟೆ ಕೆಳಗಾಗುವುದಿಲ್ಲ.

25ರ ಮಧ್ಯಾಹ್ನದ ಊಟದ ಬಳಿಕ ಹಿಂದಿನ ರಾತ್ರಿಯ ನಿದ್ದೆ ಎಳೆಯುವುದು ಸಹಜ. ಕೂಡಲೇ ಚಾಪೆ ಹಾಸುವ ಬದಲು ಅಂಗಳದಲ್ಲೋ ನೆರೆಮನೆಗೆ ಕುಸ್ವಾರ್ ಕೊಡುವ ನೆಪದಲ್ಲೋ ಹದಿನೈದು ನಿಮಿಷ ನಿಧಾನವಾಗಿ ನಡೆದು ಬನ್ನಿ. ರಕ್ತದ ಸಕ್ಕರೆ ಏರುವುದಕ್ಕೆ ಅದು ಸ್ವಲ್ಪ ಕಡಿವಾಣ ಹಾಕುತ್ತದೆ. ತೀರಾ ಆಯಾಸವಾದರೆ ಒರಗು ಕುರ್ಚಿಯಲ್ಲಿ ಕೂತೇ ಕಣ್ಣು ಮುಚ್ಚಿ.

ಎದೆನೋವನ್ನು ಗ್ಯಾಸ್ ಎನ್ನಬೇಡಿ

ಸ್ವೀಡನ್ನಿನಲ್ಲಿ 1998ರಿಂದ 2013ರವರೆಗೆ ಸಂಭವಿಸಿದ 2,83,014 ಹೃದಯಾಘಾತಗಳ ಲೆಕ್ಕವನ್ನು ಪರಿಶೀಲಿಸಿದ ಅಧ್ಯಯನವೊಂದು 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಡಿಸೆಂಬರ್ 24ರಂದು ಹೃದಯಾಘಾತದ ಸಂಭವ ಸಾಮಾನ್ಯ ದಿನಗಳಿಗಿಂತ ಶೇಕಡಾ 37ರಷ್ಟು ಹೆಚ್ಚಿತ್ತು; ಅದು ಉತ್ತುಂಗಕ್ಕೆ ಏರಿದ್ದು ರಾತ್ರಿ 10 ಗಂಟೆಯ ಸುಮಾರಿಗೆ. ಸ್ವೀಡನ್ನಿನಲ್ಲಿ ಹಬ್ಬದ ಮುಖ್ಯ ದಿನ 24ನೇ ತಾರೀಕು ಎಂಬುದನ್ನು ಗಮನಿಸಿ. 75 ವರ್ಷ ದಾಟಿದವರಲ್ಲಿ, ಮಧುಮೇಹ ಅಥವಾ ಮೊದಲೇ ಹೃದಯದ ಕಾಯಿಲೆ ಇದ್ದವರಲ್ಲಿ ಈ ಏರಿಕೆ ಹೆಚ್ಚು. ಊಟವೇ ಇದಕ್ಕೆ ಕಾರಣ ಎಂದು ಆ ಅಧ್ಯಯನ ಹೇಳಿಲ್ಲ. ಉದ್ವೇಗ, ದುಃಖ, ಆಯಾಸ, ಅತಿಯಾದ ಊಟ ಎಲ್ಲವೂ ಸೇರಿರಬಹುದು. ಭಾರಿ ಊಟದ ಬಳಿಕ ಕರುಳಿಗೆ ಹೆಚ್ಚು ರಕ್ತ ಬೇಕಾಗುವುದರಿಂದ ಹೃದಯದ ಕೆಲಸ ಹೆಚ್ಚುತ್ತದೆ ಎಂಬುದು ಮಾತ್ರ ನಿಜ.

ಹಬ್ಬದ ರಾತ್ರಿ ಎದೆಯ ನಡುವೆ ಹಿಂಡಿದಂತಹ ನೋವು, ಅದು ಎಡಗೈಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು ಕಂಡುಬಂದರೆ ಗ್ಯಾಸ್ ಎಂದು ಸೋಡಾ ಕುಡಿಸಿ ಬೆಳಗಾಗಲಿ ಎಂದು ಕಾಯಬೇಡಿ. ಹೆಂಗಸರಲ್ಲಿ ಮತ್ತು ಮಧುಮೇಹಿಗಳಲ್ಲಿ ನೋವಿಲ್ಲದೆ ಬರೀ ಸುಸ್ತು, ವಾಕರಿಕೆಯಾಗಿಯೂ ಹೃದಯಾಘಾತ ಬರಬಹುದು. 108ಕ್ಕೆ ಕರೆ ಮಾಡಿ. ಮನೆ ತುಂಬ ನೆಂಟರಿದ್ದಾರೆ, ಹಬ್ಬ ಕೆಡುತ್ತದೆ ಎಂಬ ಸಂಕೋಚ ಬೇಡ.

ಮದ್ಯದ ಬಗ್ಗೆಯೂ ಒಂದು ಮಾತು. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಯಕೃತ್ತು ರಕ್ತಕ್ಕೆ ಸಕ್ಕರೆ ಒದಗಿಸುವುದನ್ನು ತಗ್ಗಿಸುತ್ತದೆ. ಮಧುಮೇಹದ ಮಾತ್ರೆಯೋ ಇನ್‌ಸುಲಿನ್ನೋ ಜೊತೆಗಿದ್ದರೆ ಹಲವು ಗಂಟೆಗಳ ಬಳಿಕ, ಮರುದಿನ ಬೆಳಿಗ್ಗೆ ಕೂಡ, ಸಕ್ಕರೆ ಕುಸಿಯಬಹುದು. ಒಂದೇ ರಾತ್ರಿ ವಿಪರೀತ ಕುಡಿದವರಲ್ಲಿ ಹೃದಯದ ಬಡಿತ ತಾಳ ತಪ್ಪುವುದೂ ಉಂಟು. ಇದನ್ನು 1978ರಲ್ಲಿ ಅಮೆರಿಕದ ವೈದ್ಯರು ಗುರುತಿಸಿ ‘ಹಾಲಿಡೇ ಹಾರ್ಟ್’ ಎಂದು ಹೆಸರಿಟ್ಟರು. ಹೃದ್ರೋಗಿಗಳು, ಮಧುಮೇಹಿಗಳು ಮದ್ಯವನ್ನು ದೂರವಿಡುವುದೇ ಲೇಸು. ಮನೆಯಲ್ಲಿ ಮಾಡಿದ ವೈನ್ ಎಂದಾಕ್ಷಣ ಅದು ಔಷಧವಾಗುವುದಿಲ್ಲ.

ಪಾತ್ರೆಯೊಳಗಿನ ಹೊತ್ತು

ಊಟ ತಡವಾದಷ್ಟೂ ಪಾತ್ರೆಯಲ್ಲಿರುವ ಪದಾರ್ಥಕ್ಕೂ ವಯಸ್ಸಾಗುತ್ತದೆ. ಡಿಸೆಂಬರಿನಲ್ಲೂ ನಮ್ಮ ಕರಾವಳಿಯ ಮಧ್ಯಾಹ್ನ ಬೆಚ್ಚಗಿರುತ್ತದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ಬ್ಯಾಕ್ಟೀರಿಯಾಗಳು ಬೇಗ ಬೆಳೆಯುತ್ತವೆ. ಬೆಂದ ಮಾಂಸ, ಅನ್ನ, ಹಾಲು-ಮೊಟ್ಟೆಯ ಸಿಹಿಗಳನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಬಾಫಾತ್ ಮರುದಿನವೇ ಹೆಚ್ಚು ರುಚಿ ಎಂದು ಹಿಂದಿನ ದಿನ ಮಾಡಿಡುವವರು ಅದನ್ನು ದೊಡ್ಡ ಪಾತ್ರೆಯಲ್ಲಿ ಒಲೆಯ ಮೇಲೆಯೇ ಬಿಡದೆ, ಅಗಲವಾದ ಸಣ್ಣ ಪಾತ್ರೆಗಳಿಗೆ ಹಾಕಿ ಆರಿಸಿ ಫ್ರಿಜ್‌ನಲ್ಲಿಡಲಿ. ಬಡಿಸುವ ಮೊದಲು ಬರೀ ಬೆಚ್ಚಗೆ ಮಾಡಿದರೆ ಸಾಲದು, ಕುದಿ ಬರಬೇಕು.

ಅಡುಗೆ ಮಾಡಿದವರ ಊಟ ಯಾವಾಗ?

ಮನೆಯಲ್ಲಿ ಎಲ್ಲರಿಗಿಂತ ತಡವಾಗಿ ಉಣ್ಣುವವರು ಅಡುಗೆ ಮಾಡಿದವರು. ಬೆಳಿಗ್ಗೆ ಐದಕ್ಕೆ ಎದ್ದು, ಒಂದು ಲೋಟ ಕಾಫಿಯಲ್ಲಿ ಹೊತ್ತು ತಳ್ಳಿ, ಎಲ್ಲರಿಗೂ ಬಡಿಸಿ, ನಾಲ್ಕು ಗಂಟೆಗೆ ತಣ್ಣಗಾದದ್ದನ್ನು ಉಣ್ಣುವ ತಾಯಂದಿರಿಗೂ ಮಧುಮೇಹ, ರಕ್ತದೊತ್ತಡ ಇರುತ್ತವೆ. ನೋವು ಬಂದರೂ ಹೇಳಿಕೊಳ್ಳದವರೂ ಅವರೇ. ಮನೆಯ ಗಂಡಸರು, ದೊಡ್ಡ ಮಕ್ಕಳು ಬಡಿಸುವ ಕೆಲಸ ವಹಿಸಿಕೊಂಡು ಅವರನ್ನು ಮೊದಲ ಪಂಕ್ತಿಯಲ್ಲೇ ಕೂರಿಸಬೇಕು. ಇದು ಬರೀ ಸೌಜನ್ಯದ ಮಾತಲ್ಲ, ಆರೋಗ್ಯದ ಮಾತು.

ಹಬ್ಬಕ್ಕೆ ಒಂದು ವೇಳಾಪಟ್ಟಿ

1. ಊಟದ ಹೊತ್ತನ್ನು ಎರಡು ದಿನ ಮೊದಲೇ ನಿಶ್ಚಯಿಸಿ, ಬರುವವರಿಗೆಲ್ಲ ಫೋನಿನಲ್ಲಿ ತಿಳಿಸಿ. ಮಧ್ಯಾಹ್ನ ಒಂದು ಗಂಟೆ ಎಂದರೆ ಒಂದು ಗಂಟೆಯೇ.

2. ಮಧುಮೇಹಿಗಳು ಹಬ್ಬಕ್ಕೆ ಒಂದು ವಾರ ಮೊದಲೇ ತಮ್ಮ ವೈದ್ಯರಿಗೆ ಆ ದಿನದ ಊಟದ ಹೊತ್ತನ್ನು ಹೇಳಿ, ಔಷಧ ಹೇಗೆ ತೆಗೆದುಕೊಳ್ಳಬೇಕೆಂದು ಕೇಳಿ ಬರೆದಿಟ್ಟುಕೊಳ್ಳಲಿ.

3. 24ರ ರಾತ್ರಿ ಎಂದಿನ ಹೊತ್ತಿಗೆ ಲಘು ಊಟ. ಬಲಿಪೂಜೆಯಿಂದ ಬಂದ ಮೇಲೆ ಒಂದು ತುಂಡು ಕೇಕ್, ಒಂದೆರಡು ಕುಸ್ವಾರ್ ಸಾಕು.

4. 25ರ ಬೆಳಗಿನ ಉಪಾಹಾರವನ್ನು ಬಿಡಬೇಡಿ. ಹೊಟ್ಟೆ ಖಾಲಿ ಇಟ್ಟರೆ ಮಧ್ಯಾಹ್ನ ಎರಡರಷ್ಟು ಉಣ್ಣುತ್ತೇವೆ.

5. ಚಿಕ್ಕ ಮಕ್ಕಳಿಗೆ ಅವರ ಹೊತ್ತಿಗೆ ಊಟ ಕೊಡಿ. ನೆವ್ರಿ, ಕಿಡಿಯೊ ತಟ್ಟೆ ಇಡೀ ಬೆಳಿಗ್ಗೆ ಕೈಗೆಟಕುವಂತಿದ್ದರೆ ಅವರು ಊಟ ಮಾಡುವುದಿಲ್ಲ.

6. ಮಧ್ಯಾಹ್ನ ಭಾರಿ ಊಟವಾದರೆ ರಾತ್ರಿ ಎಂಟರೊಳಗೆ ಗಂಜಿ ಅಥವಾ ಸಾರನ್ನ. ಔಷಧ ತೆಗೆದುಕೊಳ್ಳುವ ಮಧುಮೇಹಿಗಳು ಹಸಿವಿಲ್ಲವೆಂದು ರಾತ್ರಿಯ ಊಟ ಬಿಡಬಾರದು.

ಓದುಗರ ಸಾಮಾನ್ಯ ಪ್ರಶ್ನೆಗಳು

ಹಬ್ಬದ ದಿನ ಹೆಚ್ಚು ತಿನ್ನುತ್ತೇವಲ್ಲ, ಒಂದು ಮಾತ್ರೆ ಹೆಚ್ಚಿಗೆ ತೆಗೆದುಕೊಳ್ಳಬಹುದೇ?

ಖಂಡಿತ ಕೂಡದು. ಊಟ ಮುಗಿದ ಮೇಲೂ ಆ ಮಾತ್ರೆಯ ಕೆಲಸ ಮುಂದುವರಿದು, ನಡುರಾತ್ರಿಯಲ್ಲಿ ಸಕ್ಕರೆ ಕುಸಿಯಬಹುದು. ವೈದ್ಯರು ಹೇಳದೆ ಪ್ರಮಾಣ ಬದಲಿಸಬೇಡಿ.

ರಕ್ತದೊತ್ತಡದ ಮಾತ್ರೆಯನ್ನೂ ಊಟಕ್ಕೆ ಹೊಂದಿಸಬೇಕೇ?

ಬಹುತೇಕ ಮಾತ್ರೆಗಳನ್ನು ಎಂದಿನ ಹೊತ್ತಿಗೆ ನೀರಿನೊಂದಿಗೆ ತೆಗೆದುಕೊಳ್ಳಬಹುದು. ಹಬ್ಬದ ಗಡಿಬಿಡಿಯಲ್ಲಿ ಮರೆಯದಿರುವುದು ಮುಖ್ಯ. ಊರಿಗೆ ಹೋಗುವವರು ಮಾತ್ರೆಯ ಪಟ್ಟಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.

ಬಲಿಪೂಜೆಯ ಬಳಿಕ ರಾತ್ರಿಯೇ ಎಲ್ಲರೂ ಸೇರಿ ಊಟ ಮಾಡುವ ಪದ್ಧತಿ ನಮ್ಮದು. ಬಿಡಬೇಕೇ?

ಬಿಡಬೇಕಾಗಿಲ್ಲ. ಮಧುಮೇಹಿಗಳು, ಹೃದ್ರೋಗಿಗಳು ಸಂಜೆಯೇ ಊಟ ಮಾಡಿರಲಿ. ಉಳಿದವರು ಅರ್ಧ ಹೊಟ್ಟೆ ಉಂಡು, ಮಾತುಕತೆಯಲ್ಲಿ ಹೊತ್ತು ಕಳೆದು ಮಲಗಲಿ.

ಇಲ್ಲಿ ಹೇಳಿದ ಸಂಗತಿಗಳು ಕ್ರೈಸ್ತ ಮನೆಗಳಿಗೆ ಮಾತ್ರ ಅನ್ವಯಿಸುವುದಿಲ್ಲ. ಗೌರಿ-ಗಣೇಶ, ದೀಪಾವಳಿ, ಮದುವೆಯ ಮೂರನೆಯ ಪಂಕ್ತಿ, ಎಲ್ಲ ಕಡೆಯೂ ವೃದ್ಧರು ಮಾತ್ರೆ ನುಂಗಿ ಊಟಕ್ಕೆ ಕಾಯುತ್ತ ಕೂತಿರುತ್ತಾರೆ. ಬಡಿಸುವ ಮೊದಲು ಅವರು ಬೆಳಗಿನಿಂದ ಏನು ತಿಂದಿದ್ದಾರೆ ಎಂದು ಒಮ್ಮೆ ವಿಚಾರಿಸಿಕೊಳ್ಳಿ. ಮನೆಯ ಅತ್ಯಂತ ಹಿರಿಯರಿಗೆ ಯಾವ ಹೊತ್ತು ಹಿತವೋ ಅದೇ ಆ ಮನೆಯ ಹಬ್ಬದೂಟದ ಸರಿಯಾದ ಹೊತ್ತು.